ಬಾನೆಟ್ ಒಳಗಿನ ಭವಿಷ್ಯ ಹೇಳಿ ಸೋತ ಕಥೆ

ಇವತ್ತು ಮೊದಲು ಒಂದು ತಪ್ಪೊಪ್ಪಿಗೆ.

2022ರ ಸೆಪ್ಟೆಂಬರ್. ಮರ್ಸಿಡಿಸ್-ಎಎಂಜಿ ತನ್ನ ಹೊಸ ಸಿ63 ಕಾರನ್ನು ಜಗತ್ತಿಗೆ ತೋರಿಸಿದ ಸಮಯ. ಇದೇ ಸ್ಟುಡಿಯೋದಲ್ಲಿ ನಿಂತು ನಾನು ಹೇಳಿದ್ದೆ: "ವಿ8 ಎಂಜಿನ್ ಕಥೆ ಮುಗೀತು. ಇನ್ನು ಮುಂದೆ ನಾಲ್ಕು ಸಿಲಿಂಡರ್, ಜೊತೆಗೊಂದು ಬ್ಯಾಟರಿ. ಬರೆದಿಟ್ಟುಕೊಳ್ಳಿ." ಬರೆದಿಟ್ಟುಕೊಂಡವರು ಇದ್ದಾರೆ ನೋಡಿ! ಮೊನ್ನೆ ಒಬ್ಬ ವೀಕ್ಷಕರು ಅದೇ ಕ್ಲಿಪ್ ಕಳಿಸಿ ಒಂದೇ ಸಾಲು ಬರೆದಿದ್ದಾರೆ: "ಸರ್, ಈಗೇನ್ ಹೇಳ್ತೀರಿ?"

ಯಾಕೆ ಕೇಳಿದರು ಅಂದ್ರೆ, 2025ರಲ್ಲಿ ಗಾಳಿ ತಿರುಗಿತು. ಆ ನಾಲ್ಕು ಸಿಲಿಂಡರ್ ಎಂಜಿನ್ ಹೋಗಿ ಅದರ ಜಾಗಕ್ಕೆ ಆರು ಸಿಲಿಂಡರ್ ಬರುತ್ತೆ ಅಂತ ವಾಹನ ಲೋಕದಲ್ಲಿ ಗುಲ್ಲೋ ಗುಲ್ಲು. ಹೊಸದೊಂದು ವಿ8 ತಯಾರಾಗುತ್ತಿದೆ ಎಂದು ಎಎಂಜಿಯ ಮುಖ್ಯಸ್ಥರೇ ಹೇಳಿದ್ದಾರೆ. ನಾನು ಶ್ರಾದ್ಧ ಮಾಡಿ ಮುಗಿಸಿದ ಎಂಜಿನ್ ಎದ್ದು ಕೂತಿದೆ.

"ಎರಡು ಕೋಟಿ ರೂಪಾಯಿ ಕಾರಿನ ಎಂಜಿನ್ ಕಟ್ಟಿಕೊಂಡು ನಮಗೇನಾಗಬೇಕು ಸ್ವಾಮಿ?" ಅಂತ ನೀವು ಕೇಳಬಹುದು. ಕೇಳಲೇಬೇಕು. ಉತ್ತರ ಕೊನೆಗೆ ಕೊಡ್ತೀನಿ. ಮೊದಲು ನಾನು ಎಲ್ಲಿ ಎಡವಿದೆ ಅಂತ ನೋಡೋಣ.

ನಾನು ಓದಿದ್ದು ಮೆಕ್ಯಾನಿಕಲ್ ಎಂಜಿನಿಯರಿಂಗ್. ಆ ಕಾರಿನ ಲೆಕ್ಕಪತ್ರ ನೋಡಿದಾಗ ನನಗೆ ನಿಜಕ್ಕೂ ರೋಮಾಂಚನ ಆಗಿತ್ತು. 1991 ಸಿಸಿ. ಅಂದ್ರೆ ಎರಡೇ ಲೀಟರ್. ಅಷ್ಟರಲ್ಲೇ 476 ಅಶ್ವಶಕ್ತಿ. ಹಿಂದಿನ ಚಕ್ರಗಳ ಹತ್ತಿರ 204 ಅಶ್ವಶಕ್ತಿಯ ವಿದ್ಯುತ್ ಮೋಟಾರು. ಎರಡೂ ಸೇರಿ 680. ಅದರ ಹಿಂದಿನ ಸಿ63 ಎಸ್‌ನಲ್ಲಿದ್ದದ್ದು 4 ಲೀಟರಿನ ವಿ8; ಶಕ್ತಿ 510. ನೂರು ಕಿಲೋಮೀಟರ್ ವೇಗ ಮುಟ್ಟೋಕೆ ಹಳೆಯದಕ್ಕೆ ಸುಮಾರು 4 ಸೆಕೆಂಡ್ ಬೇಕಿತ್ತು, ಹೊಸದಕ್ಕೆ 3.4 ಸಾಕು. ಕಾಗದದ ಮೇಲೆ ಹೊಸದು ಗೆದ್ದಿತ್ತು. ನಾನೂ ಗೆದ್ದೆ ಅಂದುಕೊಂಡೆ.

ಆದರೆ ಕಾರು ಕೊಳ್ಳುವವನು ಕಾಗದ ಓಡಿಸೋದಿಲ್ಲ.

ನಾಲ್ಕು ಸ್ಟ್ರೋಕಿನ ಎಂಟು ಸಿಲಿಂಡರ್ ಎಂಜಿನ್‌ನಲ್ಲಿ ಕ್ರ್ಯಾಂಕ್ ಒಂದು ಸುತ್ತು ತಿರುಗುವಷ್ಟರಲ್ಲಿ ನಾಲ್ಕು ಸಲ ಇಂಧನ ಸಿಡಿಯುತ್ತೆ. ನಾಲ್ಕು ಸಿಲಿಂಡರ್‌ನಲ್ಲಿ ಎರಡೇ ಸಲ. ಜೊತೆಗೆ ವಿ8ರ ಎಡ ಸಾಲು, ಬಲ ಸಾಲುಗಳಲ್ಲಿ ಆ ಸಿಡಿತ ಒಂದೇ ಅಂತರದಲ್ಲಿ ಆಗೋದಿಲ್ಲ. ಆ ಏರುಪೇರಿನಿಂದಲೇ ಹುಟ್ಟೋದು ಆ ಗುಡುಗುಡು ಸದ್ದು. ಡೊಳ್ಳು ಕುಣಿತ ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಹತ್ತಿರ ನಿಂತರೆ ಎದೆಯಲ್ಲೇ ಹೊಡೆದ ಹಾಗಾಗುತ್ತೆ, ಅಲ್ವಾ? ಅದೇ ತರಹದ ಸದ್ದು ಇದು. ಅದನ್ನು ಯಾವ ಸ್ಪೀಕರ್‌ನಿಂದಲೂ ತರೋಕಾಗಲ್ಲ.

ಇನ್ನೊಂದು ಮಾತು. ಎಎಂಜಿ 1967ರಲ್ಲಿ ಜರ್ಮನಿಯಲ್ಲಿ ಇಬ್ಬರು ಎಂಜಿನಿಯರುಗಳು ಕಟ್ಟಿದ ಸಂಸ್ಥೆ. ಒಂದು ಎಂಜಿನ್ನನ್ನು ಮೊದಲಿಂದ ಕೊನೆವರೆಗೆ ಒಬ್ಬನೇ ಕುಶಲಕರ್ಮಿ ಜೋಡಿಸಬೇಕು, ಅದರ ಮೇಲೆ ಅವನ ಸಹಿಯ ಫಲಕ ಇರಬೇಕು ಅನ್ನೋದು ಅವರ ಹೆಮ್ಮೆ. ಸಿ63ರಲ್ಲಿ 63 ಅನ್ನೋದು ಹಳೆಯ 6.3 ಲೀಟರ್ ಎಂಜಿನ್ನಿನ ನೆನಪು. ಮೊದಲ ಸಿ63ರಲ್ಲಿ 6.2 ಲೀಟರ್ ಇತ್ತು. ಆಮೇಲೆ 4 ಆಯ್ತು. ಆಮೇಲೆ 2. ಬಾಗಿಲ ಮೇಲಿನ ಬೋರ್ಡು ಮಾತ್ರ ಅದೇ 63. ಅದೂ ಸಾಲದೆ, ಆ ಎರಡು ಲೀಟರ್ ಎಂಜಿನ್ ಹುಟ್ಟಿದ್ದು ಇದೇ ಕಂಪನಿಯ ಪುಟ್ಟ ಕಾರಾದ ಎ45ಗಾಗಿ. ಹಳೆಯ ಗ್ರಾಹಕರಿಗೆ ಇದು ನುಂಗಲಾರದ ತುತ್ತಾಯಿತು. ಬ್ಯಾಟರಿ, ಮೋಟಾರು ಸೇರಿ ಕಾರಿನ ತೂಕ ಎರಡು ಟನ್ ದಾಟಿತು. ಬರೀ ವಿದ್ಯುತ್ತಿನಲ್ಲಿ ಓಡುವ ದೂರವೋ, 13 ಕಿಲೋಮೀಟರ್. ಮೆಜೆಸ್ಟಿಕ್‌ನಿಂದ ಹೊರಟರೆ ವೈಟ್‌ಫೀಲ್ಡ್ ಮುಟ್ಟೋದಿಲ್ಲ.

ಹಾಗಾದರೆ ಅಷ್ಟು ಬುದ್ಧಿವಂತ ಕಂಪನಿ ಈ ದಾರಿ ಹಿಡಿದಿದ್ದು ಯಾಕೆ? ಇಲ್ಲೇ ಇರೋದು ಅಸಲಿ ವಿಷಯ.

ಯುರೋಪಿನಲ್ಲಿ ಒಂದು ಕಾನೂನು ಇದೆ. ಕಂಪನಿಯೊಂದು ಮಾರುವ ಎಲ್ಲ ಹೊಸ ಕಾರುಗಳ ಹೊಗೆಯ ಸರಾಸರಿ ತೆಗೀತಾರೆ. ಕಂಪನಿಗೆ ಗೊತ್ತು ಮಾಡಿದ ಮಿತಿಗಿಂತ ಆ ಸರಾಸರಿ ಒಂದು ಗ್ರಾಂ ಹೆಚ್ಚಾದರೆ, ಮಾರಿದ ಪ್ರತಿ ಕಾರಿಗೂ 95 ಯೂರೋ ದಂಡ. ಲೆಕ್ಕ ಹಾಕಿ. ಒಂದು ಲಕ್ಷ ಕಾರು, ಹತ್ತು ಗ್ರಾಂ ಹೆಚ್ಚು ಅಂದ್ರೆ 9.5 ಕೋಟಿ ಯೂರೋ. ಪ್ಲಗ್ ಹಾಕಿ ಚಾರ್ಜ್ ಮಾಡುವ ಹೈಬ್ರಿಡ್ ಕಾರಿಗೆ ಅಧಿಕೃತ ಪರೀಕ್ಷೆಯಲ್ಲಿ ಹೊಗೆಯ ಅಂಕಿ ಕಡಿಮೆ ಬರುತ್ತೆ. ಮಾಲೀಕ ಮನೆಯಲ್ಲಿ ಚಾರ್ಜ್ ಮಾಡಲಿ, ಬಿಡಲಿ, ಅಂಕಿ ಅದೇ. ಎರಡು ಲೀಟರಿನ ಹಿಂದಿದ್ದ ದೊಡ್ಡ ಕಾರಣ ಈ ದಂಡದ ಭಯ. ಎಂಜಿನಿಯರ್ ಎರಡನೇ ಪಾತ್ರ ಅಷ್ಟೇ.

ಈಗ ಗಾಳಿ ತಿರುಗಿದ್ದು ಯಾಕೆ? ಗ್ರಾಹಕರು ಮುಖ ತಿರುಗಿಸಿದ್ದು ಒಂದು. ಜೊತೆಗೆ ಕಾನೂನೂ ಸಡಿಲ ಆಗಿದೆ. 2025ರ ಗುರಿಯನ್ನು ಆ ಒಂದೇ ವರ್ಷದಲ್ಲಿ ತೋರಿಸಬೇಕಿಲ್ಲ, 2025ರಿಂದ 2027ರ ಸರಾಸರಿ ತೋರಿಸಿದರೆ ಸಾಕು ಅಂತ ಯುರೋಪ್ ಹೇಳಿತು. ಅಮೆರಿಕ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಇಂಧನ ಮಿತಿ ಮೀರಿದ ಕಾರು ಕಂಪನಿಗಳಿಗೆ ಹಾಕುತ್ತಿದ್ದ ದಂಡವನ್ನು 2025ರ ಜುಲೈನಲ್ಲಿ ಸೊನ್ನೆಗೆ ಇಳಿಸಿತು. ದಂಡ ಇಲ್ಲ ಅಂದ ಮೇಲೆ ಎಂಟು ಸಿಲಿಂಡರ್ ಮತ್ತೆ ಉಸಿರಾಡದೆ ಇರುತ್ತಾ?

ಮುಂದಿನ ಎಂಜಿನ್ ಯಾವುದು ಅಂತ ಊಹೆ ಮಾಡುವವರು ಏನು ಮಾಡ್ತಾರೆ ಗೊತ್ತಾ? ಜರ್ಮನಿಯ ನ್ಯೂರ್‌ಬರ್ಗ್‌ರಿಂಗ್ ಟ್ರ್ಯಾಕ್ ಹತ್ತಿರ ಕ್ಯಾಮೆರಾ ಹಿಡಿದು ಕಾಯ್ತಾರೆ. ಮೈಗೆಲ್ಲ ಕಪ್ಪು-ಬಿಳಿ ಚಿತ್ತಾರ ಅಂಟಿಸಿಕೊಂಡ ಪರೀಕ್ಷಾ ಕಾರು ಬಂದರೆ ಸದ್ದು ರೆಕಾರ್ಡ್ ಮಾಡ್ತಾರೆ. ಗಾಜಿನ ಮೇಲೆ ಹಳದಿ ಬಣ್ಣದ ದುಂಡು ಸ್ಟಿಕ್ಕರ್ ಇದ್ದರೆ ಒಳಗೆ ದೊಡ್ಡ ಬ್ಯಾಟರಿ ಇದೆ ಎಂದರ್ಥ. ಅಪಘಾತವಾದರೆ ರಕ್ಷಣೆಗೆ ಬರುವವರಿಗೆ ಗೊತ್ತಾಗಲಿ ಅಂತ ಅಂಟಿಸುವ ಗುರುತು ಅದು. ಇದೆಲ್ಲ ಮಜವಾಗಿದೆ. ನಾನೂ ರಾತ್ರಿ ಎರಡು ಗಂಟೆವರೆಗೆ ಕೂತು ನೋಡಿದವನೇ. ಆದರೆ ಈಗ ಅನಿಸುತ್ತೆ, ಕ್ಯಾಮೆರಾ ಹಿಡಿದು ಕಾಯಬೇಕಾದ್ದು ಟ್ರ್ಯಾಕ್ ಹತ್ತಿರ ಅಲ್ಲ, ಸಂಸತ್ತಿನ ಬಾಗಿಲಲ್ಲಿ.

ನಂಬಿಕೆ ಬರಲಿಲ್ವಾ? ನಮ್ಮ ದೇಶದ ಉದಾಹರಣೆ ತಗೊಳ್ಳಿ. 2015ರ ಡಿಸೆಂಬರ್. ದೆಹಲಿ ಮತ್ತು ಸುತ್ತಲಿನ ರಾಜಧಾನಿ ವಲಯದಲ್ಲಿ 2000 ಸಿಸಿ ಮತ್ತು ಅದಕ್ಕಿಂತ ದೊಡ್ಡ ಡೀಸೆಲ್ ಕಾರುಗಳ ನೋಂದಣಿಯನ್ನು ಸುಪ್ರೀಂ ಕೋರ್ಟ್ ನಿಲ್ಲಿಸಿತು. ಏನಾಯ್ತು? ಮಹೀಂದ್ರ ಕಂಪನಿ 2.2 ಲೀಟರ್ ಎಂಜಿನ್ ಪಕ್ಕಕ್ಕಿಟ್ಟು 1.99 ಲೀಟರಿನದ್ದು ತಂದಿತು. 1.99! ಕೋರ್ಟಿನ ಗೆರೆಯಿಂದ ಕೂದಲೆಳೆ ಈಚೆ. ಮರ್ಸಿಡಿಸ್ ತನ್ನ ದೊಡ್ಡ ಎಸ್‌ಯುವಿಗಳಲ್ಲಿ ಪೆಟ್ರೋಲ್ ಎಂಜಿನ್ ತಂದಿತು. 2016ರ ಆಗಸ್ಟ್‌ನಲ್ಲಿ, ಕಾರಿನ ಬೆಲೆಯ ಶೇ 1ರಷ್ಟು ಹಸಿರು ಸೆಸ್ ಕಟ್ಟಿ ಅಂತ ಹೇಳಿ ಕೋರ್ಟು ನಿಷೇಧ ತೆಗೆಯಿತು. ಆ ಎಂಟು ತಿಂಗಳಲ್ಲಿ ಯಾವ ಎಂಜಿನ್ ಎಷ್ಟು ದೊಡ್ಡದಿರಬೇಕು ಅಂತ ತೀರ್ಮಾನ ಮಾಡಿದ್ದು ಕಾರ್ಖಾನೆಯೋ, ಕೋರ್ಟೋ?

ಇನ್ನು ನಮ್ಮ ಜಿಎಸ್‌ಟಿ. ಮೊದಲು ದೊಡ್ಡ ಪೆಟ್ರೋಲ್ ಸೆಡಾನ್‌ಗೆ ಸೆಸ್ ಸೇರಿ ಶೇ 48, ದೊಡ್ಡ ಎಸ್‌ಯುವಿಗೆ ಶೇ 50, ದೊಡ್ಡ ಹೈಬ್ರಿಡ್‌ಗೆ ಶೇ 43 ತೆರಿಗೆ ಇತ್ತು. ಅಲ್ಪಸ್ವಲ್ಪ ಆದರೂ ಹೈಬ್ರಿಡ್‌ಗೆ ಒಂದು ರಿಯಾಯಿತಿ ಇತ್ತು. 2025ರ ಸೆಪ್ಟೆಂಬರ್ 22ರಿಂದ ಮೂರಕ್ಕೂ ಒಂದೇ ದರ, ಶೇ 40. ಪೂರ್ತಿ ವಿದ್ಯುತ್ ಕಾರಿಗೆ ಶೇ 5. ಅಂದ್ರೆ ಎಂಟು ಸಿಲಿಂಡರ್ ಬರೀ ಪೆಟ್ರೋಲ್ ಕುಡಿಯಲಿ, ನಾಲ್ಕು ಸಿಲಿಂಡರ್ ಬ್ಯಾಟರಿ ಹೊತ್ತು ಓಡಲಿ, ದೆಹಲಿಯ ಲೆಕ್ಕದಲ್ಲಿ ಇಬ್ಬರೂ ಒಂದೇ. ಬೆಂಗಳೂರಿನ ಲೆಕ್ಕದಲ್ಲೂ ಅಷ್ಟೆ. 20 ಲಕ್ಷ ಮೀರಿದ ಪೆಟ್ರೋಲ್, ಡೀಸೆಲ್ ಕಾರಿಗೆ ನಮ್ಮ ರಾಜ್ಯದಲ್ಲಿ ಜೀವಾವಧಿ ತೆರಿಗೆ ಶೇ 18. 2024ರಲ್ಲಿ, 25 ಲಕ್ಷ ಮೀರಿದ ವಿದ್ಯುತ್ ಕಾರಿಗೂ ಶೇ 10 ಹಾಕಿದರು. ಆ ಸಿ63 ಭಾರತಕ್ಕೆ 2024ರ ನವೆಂಬರ್‌ನಲ್ಲಿ 1.95 ಕೋಟಿಗೆ ಬಂತು. ಶೇ 18 ಅಂದ್ರೆ ತೆರಿಗೆಯೇ 35 ಲಕ್ಷ. ಸರ್ಕಾರಕ್ಕೆ ದುಡ್ಡು ಬಂತು, ಸಂತೋಷ. ಆದರೆ ಕಡಿಮೆ ಹೊಗೆಯ ಎಂಜಿನ್ ತಾ ಅಂತ ಹೇಳುವ ಮಾತು ಆ ತೆರಿಗೆಯೊಳಗೆ ಎಲ್ಲಿದೆ?

ಈಗ ನಿಮ್ಮ ಪ್ರಶ್ನೆಗೆ ಬರ್ತೀನಿ. ನಮಗೇನಾಗಬೇಕು?

ಒಂದು, ಈ ಕಾರುಗಳ ಕೆಲಸದ ಒಂದು ಪಾಲು ನಡೆಯೋದು ನಮ್ಮೂರಲ್ಲೇ. ಮರ್ಸಿಡಿಸ್‌ನ ಸಂಶೋಧನಾ ಕೇಂದ್ರ 1996ರಿಂದ ಬೆಂಗಳೂರಿನಲ್ಲಿದೆ. ಆಡುಗೋಡಿಯ ಮೈಕೋ, ಈಗಿನ ಬಾಷ್, ಅಲ್ಲಿ ಡೀಸೆಲ್ ಪಂಪ್ ಮಾಡಿಯೇ ಎಷ್ಟೋ ಮನೆಗಳ ಮಕ್ಕಳು ಓದಿದ್ದಾರೆ. ನನ್ನ ಕ್ಲಾಸಿನ ಗೆಳೆಯನೊಬ್ಬ ಹತ್ತು ವರ್ಷ ಎಂಜಿನ್ ಟ್ಯೂನಿಂಗ್ ಕಲಿತ. ಆಮೇಲೆ "ಇನ್ನು ಬ್ಯಾಟರಿ ಕಲೀರಿ" ಅಂದರು. ಕಲಿತ. ಈಗ "ಎಂಜಿನ್ ಮತ್ತೆ ಬೇಕು" ಅಂತಿದ್ದಾರೆ. ಅವನು ಫೋನಲ್ಲಿ ನಕ್ಕ. "ಲೇ, ನಮ್ಮ ಸಿಲಬಸ್ ಬರೆಯೋದು ಯಾರು ಹೇಳು?" ಅಂದ. ನನ್ನ ಹತ್ತಿರ ಉತ್ತರ ಇರಲಿಲ್ಲ.

ಎರಡು, ಆಂಟಿ ಲಾಕ್ ಬ್ರೇಕ್ ಮತ್ತು ಏರ್‌ಬ್ಯಾಗ್ ಕೂಡ ಮೊದಲು ಬಂದದ್ದು ದುಬಾರಿ ಕಾರುಗಳಲ್ಲೇ. ಇವತ್ತು ನಿಮ್ಮ ಮನೆ ಮುಂದೆ ನಿಂತಿರುವ ಸಣ್ಣ ಕಾರಿನಲ್ಲೂ ಇವೆ. ಇವತ್ತು ಶ್ರೀಮಂತನ ಬಾನೆಟ್ ಒಳಗೆ ಏನಿದೆಯೋ, ನಾಳೆ ಅದರ ತಮ್ಮ ನಿಮ್ಮ ಬಾನೆಟ್ ಒಳಗೆ ಇರ್ತಾನೆ.

ಮೂರು, ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ಎರಡು ಕೋಟಿಯ ಕಾರಿನವನು ಗಾಜು ಏರಿಸಿಕೊಂಡು ಕೂತಿರ್ತಾನೆ. ಪಕ್ಕದಲ್ಲಿ ಸ್ಕೂಟರ್ ಮೇಲೆ ಮಗುವನ್ನು ಮುಂದೆ ನಿಲ್ಲಿಸಿಕೊಂಡ ತಾಯಿ ಇರ್ತಾಳೆ. ಆ ಎಂಜಿನ್ನಿನ ಸದ್ದು ಅವನದು, ಹೊಗೆ ಇವಳದು.

ನನಗೆ ವಿ8ರ ಸದ್ದು ಇಷ್ಟ. ಸುಳ್ಳು ಹೇಳಲ್ಲ. ಆದರೆ ಇಷ್ಟಕ್ಕೂ ನೀತಿಗೂ ನಡುವೆ ಒಂದು ಗೆರೆ ಇರಬೇಕು. ಆ ಗೆರೆ ಎಳೆಯಬೇಕಾದವರು ಬರೀ ವಸೂಲಿ ಮಾಡ್ತಾ ಕೂತರೆ ಹೇಗೆ?

ಆ ವೀಕ್ಷಕರಿಗೆ ನನ್ನ ಉತ್ತರ ಇಷ್ಟು. ತಪ್ಪಾಯಿತು ಸರ್. ಎಂಜಿನ್ ನೋಡಿ ಭವಿಷ್ಯ ಹೇಳಿದೆ, ಕಾನೂನು ಓದಿ ಹೇಳಬೇಕಿತ್ತು. ಮುಂದಿನ ಸಿ63ರಲ್ಲಿ ಆರು ಸಿಲಿಂಡರೋ, ಎಂಟೋ ಅಂತ ಈ ಸಲ ನಾನು ಬಾಜಿ ಕಟ್ಟೋದಿಲ್ಲ. ಮುಂದಿನ ಬಜೆಟ್ ದಿನ ಇದೇ ಜಾಗದಲ್ಲಿ ಸಿಗೋಣ. ಆವತ್ತು ಬಾನೆಟ್ ತೆರೆದು ನೋಡೋಣ.