ಮಳೆಗಾಲದಲ್ಲಿ ಬೆವರುವ ನೆಲ

(ಮೂಡಿಗೆರೆಯಲ್ಲಿ ಮನೆ ಕಟ್ಟಿಸುತ್ತಿರುವವರ ಕಿರುಸಭೆಯೊಂದರಲ್ಲಿ ನಮ್ಮ ವರದಿಗಾರರು ಆಡಿದ ಮಾತಿನ ಬರಹರೂಪ)



ನಾನು ಎಂಜಿನಿಯರ್ ಅಲ್ಲ, ಗಾರೆ ಕೆಲಸದವನೂ ಅಲ್ಲ. ಈ ವಿಷಯಕ್ಕೆ ನನ್ನನ್ನು ಎಳೆದು ತಂದವರು ಕಳಸದ ಹತ್ತಿರವಿರುವ ನಮ್ಮ ದೊಡ್ಡಮ್ಮ. ಹಳೆಮನೆಯ ಹಜಾರದ ಕಾವಿ ನೆಲ ಕಿತ್ತು, ಕನ್ನಡಿಯಂತೆ ಹೊಳೆಯುವ ವಿಟ್ರಿಫೈಡ್ ಟೈಲ್ಸ್ ಹಾಕಿಸಿದ ಮೊದಲ ಆಷಾಢದಲ್ಲೇ ಅವರು ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಯಾರೂ ನೀರು ಚೆಲ್ಲಿರಲಿಲ್ಲ, ಮಾಡೂ ಸೋರಿರಲಿಲ್ಲ. ಹಾಗಾದರೆ ಆ ನೀರು ಬಂದದ್ದೆಲ್ಲಿಂದ?

ಗಾಳಿಯಿಂದ. ಆರಿದ್ರಾ, ಪುನರ್ವಸು ಮಳೆ ವಾರಗಟ್ಟಲೆ ಹಿಡಿದರೆ ನೆಲ ತಣ್ಣಗಾಗಿ ಕೂತಿರುತ್ತದೆ. ಮಳೆ ಕೊಂಚ ಹೊಳವಾದಾಗ ಬೆಚ್ಚನೆಯ ತೇವದ ಗಾಳಿ ಒಳನುಗ್ಗುತ್ತದೆ. ಗಾಳಿ 25 ಡಿಗ್ರಿ ಬಿಸಿಯಿದ್ದು ಅದರ ತೇವಾಂಶ ಶೇ 90 ಇದ್ದರೆ, ಸುಮಾರು 23 ಡಿಗ್ರಿಗಿಂತ ತಣ್ಣಗಿರುವ ಯಾವ ವಸ್ತುವಿನ ಮೇಲಾದರೂ ನೀರು ಕಟ್ಟುತ್ತದೆ. ಬೇಸಿಗೆಯಲ್ಲಿ ಅದೇ 25 ಡಿಗ್ರಿಯ ಗಾಳಿಯಲ್ಲಿ ತೇವಾಂಶ ಶೇ 40ಕ್ಕೆ ಇಳಿದಿದ್ದರೆ, ನೆಲ 10-11 ಡಿಗ್ರಿಗೆ ತಣಿಯುವವರೆಗೂ ಒಂದು ಹನಿ ಕಾಣದು. ಅಂಗಡಿಯವರು ಟೈಲ್ಸ್ ತೋರಿಸುವುದು ಸಾಮಾನ್ಯವಾಗಿ ಬೇಸಿಗೆಯಲ್ಲಿ, ನೆನಪಿಡಿ!

ವಿಟ್ರಿಫೈಡ್ ಟೈಲ್ಸ್ ತನ್ನ ತೂಕದ ಶೇ 0.5ರಷ್ಟು ನೀರನ್ನೂ ಹೀರುವುದಿಲ್ಲ. ಕಂಪನಿಗಳು ಹೆಮ್ಮೆಯಿಂದ ಹೇಳುವ ಗುಣವೇ ಇದು. ಕಡೂರಿನ ಬಯಲಿಗೆ ಅದು ಗುಣವೇ ಸರಿ. ಅಲ್ಲಿ ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸು ಮಳೆ. ಮೂಡಿಗೆರೆಯಲ್ಲಿ 2,000ಕ್ಕೂ ಮೇಲೆ. ಒಂದೇ ಜಿಲ್ಲೆ, ಒಂದೇ ಅಂಗಡಿ, ಒಂದೇ ಟೈಲ್ಸ್. ಇಲ್ಲಿ ಬಿದ್ದ ಹನಿ ಒಳಗಿಳಿಯಲು ದಾರಿಯಿಲ್ಲದೆ ಕಾಲಡಿಗೇ ನಿಲ್ಲುತ್ತದೆ.

ನಮ್ಮ ಅಜ್ಜಂದಿರ ಮಣ್ಣಿನ ನೆಲ ಆ ತೇವವನ್ನು ಕುಡಿಯುತ್ತಿತ್ತು, ಒಣಹವೆಯಲ್ಲಿ ಮತ್ತೆ ಬಿಡುತ್ತಿತ್ತು. ಅದಕ್ಕೆ ಬೆಲೆ ತೆತ್ತವರು ಹೆಂಗಸರು. ಅಡಿಕೆ ಹಾಳೆಯ ತುಂಡು ಹಿಡಿದು, ಬಗ್ಗಿ ಬಗ್ಗಿ ಸಗಣಿ ಸಾರಿಸಿದ ಬೆನ್ನುಗಳನ್ನು ಕೇಳಿದರೆ ಆ ನೆಲವನ್ನು ಯಾರೂ ಹೊಗಳುವುದಿಲ್ಲ. ಘಾಟಿಯ ಕೆಳಗೆ ಮಂಗಳೂರಿನಲ್ಲಿ ಬಾಸೆಲ್ ಮಿಶನ್‌ನವರು 1865ರಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಮಾಡಿನ ಹೆಂಚಿನ ಜೊತೆ ನೆಲಕ್ಕೆ ಹಾಸುವ ಸುಟ್ಟಮಣ್ಣಿನ ಬಿಲ್ಲೆಗಳೂ ತಯಾರಾದವು. ಸಿಮೆಂಟು ಬಂದ ಮೇಲೆ ಕಾವಿ ನೆಲ, ಅಂದರೆ ರೆಡ್ ಆಕ್ಸೈಡ್. ಕಬ್ಬಿಣದ ಆಕ್ಸೈಡಿನ ಪುಡಿಯನ್ನು ಸಿಮೆಂಟಿಗೆ ಬೆರೆಸಿ, ಕರಣೆಯಿಂದ ತಿಕ್ಕಿ ತಿಕ್ಕಿ ನಯ ಮಾಡಿ, ದಿನಗಟ್ಟಲೆ ನೀರು ನಿಲ್ಲಿಸಿ ಹದಗೊಳಿಸಬೇಕು. ಅವಸರ ಮಾಡಿದರೆ ಬಿರುಕು ಖಂಡಿತ.

ಕಾವಿ ನೆಲ ಬೆವರುವುದೇ ಇಲ್ಲ ಎಂಬುದು ಅರ್ಧ ಸತ್ಯ. ಮೇಣ ತಿಕ್ಕಿ ಹೊಳಪಿಸಿದ್ದು ಬೆವರುತ್ತದೆ. ಹಳೆಯ ಮನೆಗಳಲ್ಲಿ ದಿನವಿಡೀ ಉರಿಯುತ್ತಿದ್ದ ಅಡುಗೆ ಒಲೆ, ಬಚ್ಚಲೊಲೆಗಳನ್ನು ನಾವು ಲೆಕ್ಕಕ್ಕೇ ಹಿಡಿಯುವುದಿಲ್ಲ. ಗ್ಯಾಸ್ ಬಂದು ಹೊಗೆ ಹೋಯಿತು, ಒಳ್ಳೆಯದೇ. ಹೊಗೆಯ ಜೊತೆ ನೆಲವನ್ನು ಬೆಚ್ಚಗಿಡುತ್ತಿದ್ದ ಕಾವೂ ಹೋಯಿತು.

ಮರದ ಹಲಗೆಯ ನೆಲ ಚಂದ ಎನ್ನುವವರಿದ್ದಾರೆ. ಮಹಡಿಗಾದರೆ ಸರಿ. ಕೆಳಮನೆಯಲ್ಲಿ ಹಲಗೆ ಮಳೆಗಾಲದಲ್ಲಿ ಉಬ್ಬಿ, ಮಾಗಿ-ಬೇಸಿಗೆಯಲ್ಲಿ ಕುಗ್ಗಿ ಸಂದು ಬಿಡುತ್ತದೆ. ಉಳಿದದ್ದು ಗೆದ್ದಲಿನ ಪಾಲು.

ಇನ್ನು ಕೆಳಗಿನಿಂದ ಏರುವ ನೀರು ಬೇರೆ. ಅದಕ್ಕೆ ಯಾವ ಟೈಲ್ಸೂ ಮದ್ದಲ್ಲ. ತಳಪಾಯ ಎತ್ತರಿಸಿ, ದಪ್ಪ ಜಲ್ಲಿ ತುಂಬಿ, ಕಾಂಕ್ರೀಟಿನಡಿ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಬೇಕು. ಕಾಫಿ ಬೀಜದ ತೇವಾಂಶವನ್ನು ಮೀಟರ್ ಹಿಡಿದು ಶೇ 10ಕ್ಕೆ ತರುವ ಬೆಳೆಗಾರರು ಮನೆಯ ನೆಲದಡಿ ಏನು ಹಾಕಿದ್ದಾರೆಂದು ಮೇಸ್ತ್ರಿಯನ್ನು ಕೇಳುವುದಿಲ್ಲ, ನನಗಿದು ಸೋಜಿಗ.

ಟೈಲ್ಸೇ ಬೇಕೆಂದರೆ ಒರಟು ಮೈಯದನ್ನು ಆರಿಸಿ. ಅದೂ ಬೆವರುತ್ತದೆ, ಆದರೆ ಕಾಲಿಗೆ ಹಿಡಿತ ಕೊಡುತ್ತದೆ. ಕೊಳ್ಳುವ ಮೊದಲು ಒಂದು ತುಂಡಿನ ಮೇಲೆ ನೀರು ಸುರಿದು ಬರಿಗಾಲಿನಲ್ಲಿ ನಿಂತು ನೋಡಿ. ಅಂಗಡಿಯವರು ನಕ್ಕರೆ ನಗಲಿ.

ದೊಡ್ಡಮ್ಮ ಈಗ ಕೋಲು ಹಿಡಿದು ನಡೆಯುತ್ತಾರೆ. ಹಜಾರದ ಉದ್ದಕ್ಕೂ ಗೋಣಿತಾಟು ಹಾಸಿದ್ದಾರೆ. ಅಡುಗೆಮನೆಯ ಕಾವಿ ನೆಲವನ್ನು ಕೀಳಲು ಮಾತ್ರ ಅವರು ಇವತ್ತಿಗೂ ಒಪ್ಪಿಲ್ಲ.