ಎರಡು ಸರಪಳಿಗಳ ಲೆಕ್ಕ

(ಸಂಘದ ಸಭೆಯಲ್ಲಿ ಮಾಡಿದ ಭಾಷಣ)



ಮುಂಬಯಿಗೆ ದುಡಿಯಲು ಬಂದ ನಮ್ಮಲ್ಲಿ ಅನೇಕರಿಗೆ ಊರಿನಲ್ಲಿ ತುಂಡು ನೆಲವಿದೆ. ರಜೆಗೆ ಹೋದಾಗ ಹಿಸ್ಸೆಯ ಮಾತು ಏಳುತ್ತದೆ, ಅಣ್ಣತಮ್ಮಂದಿರು ಕಾಗದ ಮುಂದಿಡುತ್ತಾರೆ. ಅದರ ಅಂಕೆ ಓದಲು ಬಾರದೆ ಸಹಿ ಹಾಕಿದರೆ ನಷ್ಟ ನಮಗೇ. ಆದುದರಿಂದ ಇಂದು ಆ ನೆಲವನ್ನು ಅಳೆದ ಸರಪಳಿಯ ವಿಚಾರ.

ಹೋಟೆಲಿನಲ್ಲಿರುವ ದಕ್ಷಿಣ ಕನ್ನಡದ ಬಂಧುಗಳು 'ಹತ್ತು ಸೆಂಟ್ಸು' ಎನ್ನುತ್ತಾರೆ. ಗಿರಣಿಗೆಂದು ಬಂದ ವಿಜಾಪುರ, ಧಾರವಾಡದವರು 'ನಾಲ್ಕು ಗುಂಟೆ' ಎನ್ನುತ್ತಾರೆ. ಜಾಗ ಒಂದೇ, 4,356 ಚದರ ಅಡಿ!

ಇಂಗ್ಲೆಂಡಿನ ಗಣಿತಜ್ಞ ಎಡ್ಮಂಡ್ ಗುಂಟರ್ 1620ರಲ್ಲಿ 66 ಅಡಿಯ, 100 ಕೊಂಡಿಗಳ ಸರಪಳಿಯನ್ನು ಬಳಕೆಗೆ ತಂದನು. ಒಂದು ಸರಪಳಿ ಅಗಲ, ಹತ್ತು ಸರಪಳಿ ಉದ್ದವಾದರೆ ಸರಿಯಾಗಿ ಒಂದು ಎಕರೆ. ಮದರಾಸು ಪ್ರಾಂತದ ಮೋಜಣಿ ಇದನ್ನು ಹಿಡಿಯಿತು. ಅಲ್ಲಿ ಎಕರೆಯ ನೂರನೆಯ ಪಾಲೇ ಸೆಂಟು. ಮುಂಬಯಿ ಪ್ರಾಂತದ ಸರಪಳಿ ಇದರ ಅರ್ಧ, 33 ಅಡಿ. ಅದಕ್ಕೆ 16 ಆಣೆ. ರೂಪಾಯಿ ಎಣಿಸಿ ಬಲ್ಲ ರೈತನಿಗೆ ಇದಕ್ಕಿಂತ ಸುಲಭದ ಲೆಕ್ಕ ಇನ್ನಾವುದು? ಈ ಸರಪಳಿಯ ಚೌಕವೇ ಗುಂಟೆ. ನಲವತ್ತು ಗುಂಟೆಗೆ ಎಕರೆ. 1956ರಲ್ಲಿ ಎರಡೂ ಸೀಮೆಗಳು ಒಂದೇ ರಾಜ್ಯಕ್ಕೆ ಸೇರಿದವು. ಮೀಟರಿನ ಕಾಯಿದೆ ಬಂದದ್ದೂ ಅದೇ ವರ್ಷ. ಆದರೂ ಸೆಂಟು, ಗುಂಟೆ ಹೋಗಲಿಲ್ಲ.

ಮೋಸವಿರುವುದು ಇಲ್ಲಿ. ಉತಾರದಲ್ಲಿ '1-20' ಎಂದಿದ್ದರೆ ಧಾರವಾಡದ ಕಡೆ ಅದು ಒಂದು ಎಕರೆ ಇಪ್ಪತ್ತು ಗುಂಟೆ, ಅಂದರೆ ಒಂದೂವರೆ ಎಕರೆ. ಅದನ್ನೇ ಸೆಂಟಿನ ಲೆಕ್ಕದಲ್ಲಿ ಓದಿದರೆ ಹನ್ನೆರಡು ಗುಂಟೆ ಮಾಯ! ಬೆವರು ಸುರಿಸಿ ಕಳಿಸಿದ ಹಣದಿಂದ ಕೊಂಡ ಹೊಲ ಒಂದು ಅಡ್ಡಗೆರೆಯಲ್ಲಿ ಹೋಗಬೇಕೆ?

ಹಳೆಯ ಮೂಲ ಟಿಪ್ಪಣಿಯಲ್ಲಿ ಬದುವಿನ ಉದ್ದ ಸರಪಳಿ-ಆಣೆಗಳಲ್ಲಿರುತ್ತದೆ. ಸರಪಳಿಗೆ 33 ಅಡಿ, ಆಣೆಗೆ ಎರಡು ಅಡಿ ಮುಕ್ಕಾಲು ಅಂಗುಲ ಹಿಡಿಯಿರಿ. ಕಬ್ಬಿಣದ ಸರಪಳಿ ಎಳೆದೆಳೆದು ಉಂಗುರ ಸವೆದರೆ ಉದ್ದವಾಗುತ್ತದೆ. ಉದ್ದವಾದ ಸರಪಳಿಯಿಂದ ಅಳೆದ ಹೊಲ ಕಾಗದದಲ್ಲಿ ಚಿಕ್ಕದಾಗಿ ಕಾಣುತ್ತದೆ. ತೊಗಲಿನ ಡಬ್ಬಿಯಲ್ಲಿ ಹಿತ್ತಾಳೆಯ ಹಿಡಿಕೆ ತಿರುಗಿಸಿ ಸುತ್ತಿಡುವ ಬಟ್ಟೆಯ ಟೇಪೂ ಹಾಗೆಯೇ, ಜಗ್ಗಿದಷ್ಟೂ ಹಿಗ್ಗುತ್ತದೆ. ಅಂಥ ಕೆಲವು ಟೇಪುಗಳಲ್ಲಿ ಒಂದು ಮಗ್ಗುಲಿಗೆ ಅಡಿ, ಇನ್ನೊಂದು ಮಗ್ಗುಲಿಗೆ ಕೊಂಡಿ. ಯಾವ ಮಗ್ಗುಲು ಓದುತ್ತಿದ್ದಾರೆಂದು ಪಕ್ಕದಲ್ಲಿ ನಿಂತು ನೋಡಬೇಕು. ಉಕ್ಕಿನ ಟೇಪು ಎಷ್ಟೋ ವಾಸಿ. ಬಿಸಿಲಿಗೆ ಅದೂ ಹಿಗ್ಗುತ್ತದೆ, ಆದರೆ 20 ಡಿಗ್ರಿ ಶಾಖ ಏರಿದರೂ ನೂರು ಅಡಿಗೆ ಕಾಲು ಅಂಗುಲದಷ್ಟೇ ವ್ಯತ್ಯಾಸ.

ಬದುವಿನ ತಕರಾರಿದ್ದರೆ ಹದ್ದುಬಸ್ತಿಗೆ ಅರ್ಜಿ ಕೊಡಿ, ಮೂಲ ಟಿಪ್ಪಣಿಯ ನಕಲು ಕೇಳಿ ಪಡೆಯಿರಿ. ವಾಟಣಿಯ ಪತ್ರದಲ್ಲಿ ಬರೀ ಅಂಕೆ ಬೇಡ. ಎಕರೆ, ಗುಂಟೆ, ಆಣೆ ಎಂದು ಅಕ್ಷರದಲ್ಲೇ ಬರೆಯಿಸಿರಿ. ಈಹೊತ್ತು ಉತಾರ ತಂದಿರುವ ಬಂಧುಗಳು ಸಭೆ ಮುಗಿದ ಮೇಲೆ ಉಳಿಯಲಿ, ಜೊತೆಗೆ ಕೂತು ಲೆಕ್ಕ ಹಾಕೋಣ.