ಸ್ವತಂತ್ರ ತಂತ್ರಾಂಶ ಮತ್ತು ಚಿತ್ರ ಸಂಸ್ಕರಣೆ: ಮುಂಬಯಿಯ ಸಂದರ್ಭದಲ್ಲಿ ಒಂದು ವಿವೇಚನೆ



ಮುಂಬಯಿಯು ವಾಣಿಜ್ಯದ ನಗರವೆಂದು ಪ್ರಸಿದ್ಧವಾಗಿರುವಷ್ಟೇ ಚಿತ್ರಗಳ ನಗರವೆಂದೂ ಪ್ರಸಿದ್ಧವಾಗಿದೆ. 1857ರಲ್ಲಿ ಸ್ಥಾಪನೆಗೊಂಡ ಸರ್ ಜೆ. ಜೆ. ಕಲಾಶಾಲೆಯು ಹಲವು ತಲೆಮಾರುಗಳ ಚಿತ್ರಕಾರರನ್ನು ರೂಪಿಸಿತು. 1894ರಲ್ಲಿ ಗಿರಗಾಂವ್ ಬಡಾವಣೆಯಲ್ಲಿ ಆರಂಭವಾದ ರಾಜಾ ರವಿವರ್ಮರ ಶಿಲಾಮುದ್ರಣಾಲಯವು, ಅರಮನೆಗಳಲ್ಲಿ ತೂಗುತ್ತಿದ್ದಂತಹ ವರ್ಣಚಿತ್ರಗಳನ್ನು ಸಾಮಾನ್ಯ ಜನರ ಮನೆಯ ಗೋಡೆಗಳಿಗೆ ತಂದಿತು. ಜೆ. ಜೆ. ಕಲಾಶಾಲೆಯಲ್ಲಿ ಅಭ್ಯಾಸ ಮಾಡಿದ ದಾದಾಸಾಹೇಬ್ ಫಾಲ್ಕೆಯವರ ‘ರಾಜಾ ಹರಿಶ್ಚಂದ್ರ’ 1913ರಲ್ಲಿ ಅದೇ ಗಿರಗಾಂವ್‌ನ ಕೊರೊನೇಷನ್ ಚಿತ್ರಮಂದಿರದಲ್ಲಿ ಪ್ರದರ್ಶಿತವಾಯಿತು. ಚಿತ್ರವನ್ನು ರಚಿಸುವುದು, ತಿದ್ದುವುದು, ಅಚ್ಚುಹಾಕುವುದು ಈ ನಗರದ ಸಾವಿರಾರು ಕುಟುಂಬಗಳ ಜೀವನೋಪಾಯವಾಗಿ ಬೆಳೆದು ಬಂದಿದೆ.

ಆ ಕಾಲದಲ್ಲಿ ಚಿತ್ರ ಸಂಸ್ಕರಣೆಯು ಕೈಕೆಲಸವಾಗಿತ್ತು. ಛಾಯಾಚಿತ್ರಗಾರನು ನೆಗೆಟಿವ್‌ನ ಮೇಲೆ ಸೀಸದ ಕಡ್ಡಿಯಿಂದ ಮುಖದ ಕಲೆಗಳನ್ನು ತಿದ್ದುತ್ತಿದ್ದನು. ಶಿಲಾಮುದ್ರಣದಲ್ಲಿ ಒಂದೊಂದು ಬಣ್ಣಕ್ಕೂ ಒಂದೊಂದು ಕಲ್ಲನ್ನು ಸಿದ್ಧಪಡಿಸಿ, ಒಂದರ ಮೇಲೊಂದು ಅಚ್ಚೊತ್ತಿ ಪೂರ್ಣ ಚಿತ್ರವನ್ನು ಪಡೆಯಲಾಗುತ್ತಿತ್ತು. ಗಣಕಯಂತ್ರದ ಚಿತ್ರ ಸಂಸ್ಕರಣೆಯಲ್ಲಿ ‘ಪದರ’ ಅಥವಾ ‘ಲೇಯರ್’ ಎಂದು ಕರೆಯಲ್ಪಡುವ ವ್ಯವಸ್ಥೆಯನ್ನು ಅರಿಯಲು ಈ ಕಲ್ಲುಗಳನ್ನು ನೆನೆದರೆ ಸಾಕು. ಹಿನ್ನೆಲೆ ಒಂದು ಪದರದಲ್ಲಿ, ವ್ಯಕ್ತಿಯ ಚಿತ್ರ ಇನ್ನೊಂದರಲ್ಲಿ, ಅಕ್ಷರಗಳು ಮತ್ತೊಂದರಲ್ಲಿ ಇರುತ್ತವೆ. ಒಂದನ್ನು ತಿದ್ದಿದರೆ ಉಳಿದವುಗಳಿಗೆ ಧಕ್ಕೆಯಾಗುವುದಿಲ್ಲ.

ಗಣಕಯಂತ್ರದ ಪಾಲಿಗೆ ಚಿತ್ರವೆಂದರೆ ಪಿಕ್ಸೆಲ್ ಎಂಬ ಸೂಕ್ಷ್ಮ ಬಿಂದುಗಳ ಒಂದು ಕೋಷ್ಟಕ ಮಾತ್ರ. ಪ್ರತಿಯೊಂದು ಬಿಂದುವಿಗೂ ಕೆಂಪು, ಹಸಿರು, ನೀಲಿ ಎಂಬ ಮೂರು ಸಂಖ್ಯೆಗಳಿರುತ್ತವೆ. ಒಂದೊಂದು ಬಣ್ಣಕ್ಕೆ 256 ಹಂತಗಳಿದ್ದರೆ ಒಟ್ಟು 1,67,77,216 ಬಣ್ಣಗಳು ಸಾಧ್ಯವಾಗುತ್ತವೆ. 6 ಅಂಗುಲ ಉದ್ದ, 4 ಅಂಗುಲ ಅಗಲದ ಛಾಯಾಚಿತ್ರವನ್ನು ಅಂಗುಲಕ್ಕೆ 300 ಬಿಂದುಗಳಂತೆ ಸ್ಕ್ಯಾನ್ ಮಾಡಿದರೆ 21 ಲಕ್ಷ 60 ಸಾವಿರ ಬಿಂದುಗಳು ದೊರೆಯುತ್ತವೆ. ಚಿತ್ರ ಸಂಸ್ಕರಣೆಯ ತಂತ್ರಾಂಶವು ಮಾಡುವ ಕೆಲಸವೆಂದರೆ ಈ ಸಂಖ್ಯೆಗಳನ್ನು ನಿಯಮಬದ್ಧವಾಗಿ ಬದಲಿಸುವುದು. ಮಸುಕಾದ ಚಿತ್ರವನ್ನು ಸ್ಪಷ್ಟಗೊಳಿಸುವುದು, ಹರಿದ ಗೆರೆಯನ್ನು ಪಕ್ಕದ ಭಾಗದ ಬಣ್ಣದಿಂದ ಮುಚ್ಚುವುದು, ಅಳತೆಯನ್ನು ಕುಗ್ಗಿಸುವುದು ಇವೆಲ್ಲವೂ ಗಣಿತವೇ ಆಗಿವೆ.

ಇಂತಹ ಸಾಧನವು ಈಗ ವೃತ್ತಿಪರರಿಗೆ ಮಾತ್ರವಲ್ಲದೆ ಸಾಮಾನ್ಯ ನಾಗರಿಕರಿಗೂ ಬೇಕಾಗಿದೆ. ಉದ್ಯೋಗದ ಅರ್ಜಿಗೆ, ಪ್ರವೇಶ ಪರೀಕ್ಷೆಗೆ, ವಿದ್ಯಾರ್ಥಿವೇತನಕ್ಕೆ ಭಾವಚಿತ್ರ ಹಾಗೂ ಸಹಿಯನ್ನು ಇಂತಿಷ್ಟೇ ಅಳತೆಯಲ್ಲಿ, ಇಂತಿಷ್ಟೇ ಕಿಲೋಬೈಟ್‌ಗಳಲ್ಲಿ ಸಲ್ಲಿಸಬೇಕಾಗುತ್ತದೆ. ಅಳತೆ ತಪ್ಪಿದರೆ ಅರ್ಜಿಯು ಸ್ವೀಕೃತವಾಗುವುದಿಲ್ಲ. ಡೊಂಬಿವಲಿಯಲ್ಲಾಗಲಿ ಮುಲುಂಡ್‌ನಲ್ಲಾಗಲಿ ವಾಸಿಸುವ ವಿದ್ಯಾರ್ಥಿಯು ಕೊನೆಯ ದಿನ ಅಂಗಡಿಗೆ ಓಡಿ, ತನ್ನ ಗುರುತಿನ ಚೀಟಿಯ ಪ್ರತಿಯನ್ನೂ ಸಹಿಯನ್ನೂ ಅಪರಿಚಿತರ ಗಣಕಯಂತ್ರದಲ್ಲಿ ಬಿಟ್ಟು ಬರುವುದು ಅಪರೂಪವೇನಲ್ಲ. ಈ ಕೆಲಸವನ್ನು ಮನೆಯಲ್ಲಿಯೇ ಮಾಡಿಕೊಳ್ಳಲು ಕಲಿತವನಿಗೆ ಹಣದ ಜೊತೆಗೆ ಸುರಕ್ಷತೆಯೂ ಉಳಿಯುತ್ತದೆ.

ಆದರೆ ವೃತ್ತಿಪರರು ಬಳಸುವ ವಾಣಿಜ್ಯ ತಂತ್ರಾಂಶಗಳ ಪರವಾನಗಿ ಶುಲ್ಕವು ಸಣ್ಣ ಛಾಯಾಚಿತ್ರ ಮಳಿಗೆಗೆ, ಕನ್ನಡ ಸಂಘದ ಕಚೇರಿಗೆ, ವಿದ್ಯಾರ್ಥಿಗೆ ಹೊರೆಯಾಗುತ್ತದೆ. ಈ ಹೊರೆಯನ್ನು ತಪ್ಪಿಸಿಕೊಳ್ಳಲು ಹಲವರು ಕಳ್ಳಪ್ರತಿಗಳ ಮೊರೆಹೋಗುತ್ತಾರೆ. ಇದು ಅಪರಾಧವೆಂಬುದನ್ನು ಎಲ್ಲರೂ ತಿಳಿದಿರುವುದು ಅವಶ್ಯ. ಕೃತಿಸ್ವಾಮ್ಯ ಅಧಿನಿಯಮದ 63-ಬಿ ಪ್ರಕರಣದ ಮೇರೆಗೆ, ಕಳ್ಳಪ್ರತಿಯೆಂದು ತಿಳಿದೂ ಅದನ್ನು ಗಣಕಯಂತ್ರದಲ್ಲಿ ಬಳಸುವವರಿಗೆ 7 ದಿನಗಳಿಗೆ ಕಡಿಮೆಯಿಲ್ಲದ, 3 ವರ್ಷಗಳವರೆಗೆ ವಿಸ್ತರಿಸಬಹುದಾದ ಕಾರಾಗೃಹವಾಸವನ್ನೂ 50 ಸಾವಿರದಿಂದ 2 ಲಕ್ಷ ರೂಪಾಯಿಗಳವರೆಗೆ ದಂಡವನ್ನೂ ವಿಧಿಸಬಹುದಾಗಿದೆ. ಲಾಭಕ್ಕಾಗಿ ಅಥವಾ ವ್ಯಾಪಾರದಲ್ಲಿ ಬಳಸದೆ ಇದ್ದಾಗ ಮಾತ್ರ ನ್ಯಾಯಾಲಯವು ಸೆರೆವಾಸವನ್ನು ಬಿಟ್ಟು ದಂಡಕ್ಕೆ ಸೀಮಿತಗೊಳಿಸಬಹುದು. ಕಳ್ಳಪ್ರತಿಗಳೊಡನೆ ಹಾನಿಕಾರಕ ಕ್ರಮವಿಧಿಗಳು ಒಳನುಗ್ಗುವ ಅಪಾಯ ಬೇರೆ.

ಶುಲ್ಕವೂ ಬೇಡ, ಅಪರಾಧವೂ ಬೇಡ ಎನ್ನುವವರಿಗೆ ಸ್ವತಂತ್ರ ತಂತ್ರಾಂಶವು ಒಂದು ನ್ಯಾಯಸಮ್ಮತ ಮಾರ್ಗವಾಗಿದೆ. 1983ರಲ್ಲಿ ಅಮೆರಿಕದ ರಿಚರ್ಡ್ ಸ್ಟಾಲ್‌ಮನ್ ಅವರು ‘ಗ್ನೂ’ ಯೋಜನೆಯನ್ನು ಘೋಷಿಸಿ ಈ ಆಂದೋಲನಕ್ಕೆ ನಾಂದಿ ಹಾಡಿದರು. ತಂತ್ರಾಂಶವನ್ನು ಯಾವುದೇ ಉದ್ದೇಶಕ್ಕೆ ಬಳಸುವ, ಅದರ ಆಕರ ಸಂಕೇತವನ್ನು ಅಭ್ಯಸಿಸಿ ತಿದ್ದುವ, ಪ್ರತಿಗಳನ್ನು ಇತರರಿಗೆ ಹಂಚುವ ಹಾಗೂ ತಿದ್ದಿದ ರೂಪವನ್ನೂ ಹಂಚುವ ನಾಲ್ಕು ಸ್ವಾತಂತ್ರ್ಯಗಳು ಇದರ ತಿರುಳು. ಬೆಲೆಯಿಲ್ಲದಿರುವುದು ಇದರ ಒಂದು ಅನುಕೂಲ ಮಾತ್ರ. ಬಳಕೆದಾರನು ಯಾರ ಹಂಗಿನಲ್ಲಿಯೂ ಇರಬೇಕಾಗಿಲ್ಲ ಎಂಬುದೇ ಮುಖ್ಯ ಲಕ್ಷಣ.

ಈ ತತ್ತ್ವಕ್ಕೆ ಚಿತ್ರ ಸಂಸ್ಕರಣೆಯ ಕ್ಷೇತ್ರದಲ್ಲಿ ದೊರೆತ ಉತ್ತಮ ನಿದರ್ಶನವೇ ‘ಗಿಂಪ್’. 1995ರಲ್ಲಿ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ಬರ್ಕ್ಲಿ ಕೇಂದ್ರದ ಸ್ಪೆನ್ಸರ್ ಕಿಂಬಾಲ್ ಮತ್ತು ಪೀಟರ್ ಮ್ಯಾಟಿಸ್ ಎಂಬ ಇಬ್ಬರು ವಿದ್ಯಾರ್ಥಿಗಳು ಇದನ್ನು ಆರಂಭಿಸಿದರು. 1996ರಲ್ಲಿ ಇದು ಸಾರ್ವಜನಿಕರಿಗೆ ದೊರೆಯಿತು. ಅವರು ಸದಸ್ಯರಾಗಿದ್ದ ವಿದ್ಯಾರ್ಥಿ ಗಣಕ ಕೂಟದ ಹೆಸರಿನ ಮೂರು ಅಕ್ಷರಗಳು ‘ಎಕ್ಸ್‌ಸಿಎಫ್’ ಎಂಬ ಕಡತದ ನಮೂನೆಯಲ್ಲಿ ಇಂದಿಗೂ ಉಳಿದಿವೆ. ಕಿಟಕಿ, ಗುಂಡಿ, ಪಟ್ಟಿ ಮೊದಲಾದವುಗಳನ್ನು ತೆರೆಯ ಮೇಲೆ ಮೂಡಿಸಲು ಅವರು ಸಿದ್ಧಪಡಿಸಿಕೊಂಡ ಉಪಕರಣ ಸಮೂಹವು ಮುಂದೆ 1997ರಲ್ಲಿ ಆರಂಭವಾದ ‘ಗ್ನೋಮ್’ ಗಣಕ ಪರಿಸರಕ್ಕೆ ತಳಹದಿಯಾಯಿತು. ಲಿನಕ್ಸ್‌ನ ಲಾಂಛನವಾದ ಪೆಂಗ್ವಿನ್ ಚಿತ್ರವನ್ನು ಲ್ಯಾರಿ ಯೂಯಿಂಗ್ ಅವರು 1996ರಲ್ಲಿ ರಚಿಸಿದ್ದು ಗಿಂಪ್‌ನಲ್ಲಿಯೇ.

ಇಬ್ಬರು ನಿರ್ಮಾತೃಗಳೂ ವಿದ್ಯಾಭ್ಯಾಸ ಮುಗಿಸಿ ಬೇರೆ ವೃತ್ತಿಗಳಿಗೆ ತೆರಳಿದಾಗ ಈ ತಂತ್ರಾಂಶವು ಅನಾಥವಾಗಬಹುದಾಗಿತ್ತು. ಆದರೆ ಆಕರ ಸಂಕೇತವು ಎಲ್ಲರ ಕೈಯಲ್ಲಿದ್ದುದರಿಂದ ಬಳಕೆದಾರರಲ್ಲಿಯೇ ಬಲ್ಲವರು ಮುಂದೆ ಬಂದು ಹೊಣೆ ಹೊತ್ತರು. 1998ರ ಜೂನ್‌ನಲ್ಲಿ ಮೊದಲ ಪೂರ್ಣ ಆವೃತ್ತಿ, 2004ರಲ್ಲಿ ಎರಡನೆಯದು, 2025ರ ಮಾರ್ಚ್‌ನಲ್ಲಿ ಮೂರನೆಯದು ಹೊರಬಂದವು. ಸಂಸ್ಥೆ ಮುಚ್ಚಿದರೆ ತಂತ್ರಾಂಶವೂ ಮುಚ್ಚಿಹೋಗುವ ವ್ಯವಸ್ಥೆಗೂ, ನಿರ್ಮಾತೃಗಳು ಹೋದರೂ ಸಮುದಾಯವು ಉಳಿಸಿಕೊಳ್ಳುವ ವ್ಯವಸ್ಥೆಗೂ ಇರುವ ಅಂತರ ಇದರಿಂದ ಸ್ಪಷ್ಟವಾಗುತ್ತದೆ.

ಮುಂಬಯಿಯ ಚಲನಚಿತ್ರೋದ್ಯಮದವರಿಗೆ ಆಸಕ್ತಿಯೆನಿಸುವ ಇನ್ನೊಂದು ಪ್ರಸಂಗವೂ ಇದೆ. ಚಲನಚಿತ್ರದ ಚೌಕಟ್ಟುಗಳಿಗೆ ಒಂದು ಬಣ್ಣಕ್ಕೆ 256 ಹಂತಗಳು ಸಾಲುವುದಿಲ್ಲ. ನಸುಕಿನ ಆಕಾಶದಂತಹ ದೃಶ್ಯದಲ್ಲಿ ಬಣ್ಣವು ಪಟ್ಟೆಪಟ್ಟೆಯಾಗಿ ಕಾಣುತ್ತದೆ. ಆದುದರಿಂದ ರಿದಮ್ ಅಂಡ್ ಹ್ಯೂಸ್ ಎಂಬ ಅಮೆರಿಕದ ದೃಶ್ಯಪರಿಣಾಮ ಸಂಸ್ಥೆಯು 1990ರ ದಶಕದ ಕೊನೆಯಲ್ಲಿ, ಹೆಚ್ಚು ಹಂತಗಳುಳ್ಳ ‘ಫಿಲ್ಮ್ ಗಿಂಪ್’ ಎಂಬ ಕವಲಿಗೆ ನೆರವು ನೀಡಿತು. ಇದೇ ಸಂಸ್ಥೆಯು ಮುಂದೆ ಮುಂಬಯಿಯಲ್ಲಿಯೂ ಶಾಖೆಯನ್ನು ಹೊಂದಿತ್ತು. 2012ರ ‘ಲೈಫ್ ಆಫ್ ಪೈ’ ಚಿತ್ರದ ದೃಶ್ಯಪರಿಣಾಮಗಳಿಗೆ ಇಲ್ಲಿಯ ಕಲಾವಿದರ ಶ್ರಮವೂ ಸಂದಿದೆ. 2013ರಲ್ಲಿ ಆ ಸಂಸ್ಥೆಯು ದಿವಾಳಿಯಾಯಿತು. ಮೂಲ ಗಿಂಪ್‌ಗೆ ಇಂತಹ ಹೆಚ್ಚಿನ ಬಣ್ಣದ ಸಾಮರ್ಥ್ಯವು ಪೂರ್ಣವಾಗಿ ಲಭಿಸಿದ್ದು 2018ರ ಆವೃತ್ತಿಯಲ್ಲಿ. ಸಮುದಾಯದ ನಡಿಗೆ ನಿಧಾನವಾದುದು, ಆದರೆ ನಿಲ್ಲುವಂತಹುದಲ್ಲ.

ಕಲಿಕೆಯ ವಿಷಯದಲ್ಲಿ ಮುಂಬಯಿಯು ಇಡೀ ದೇಶಕ್ಕೆ ಉಪಕಾರ ಮಾಡಿದೆ. ಪೊವಾಯಿಯ ಭಾರತೀಯ ತಂತ್ರಜ್ಞಾನ ಸಂಸ್ಥೆಯಲ್ಲಿ ಪ್ರಾಧ್ಯಾಪಕ ಕಣ್ಣನ್ ಮೌದ್ಗಲ್ಯ ಅವರ ನೇತೃತ್ವದಲ್ಲಿ, ಕೇಂದ್ರ ಸರ್ಕಾರದ ನೆರವಿನಿಂದ ‘ಸ್ಪೋಕನ್ ಟ್ಯುಟೋರಿಯಲ್’ ಯೋಜನೆಯು ರೂಪುಗೊಂಡಿತು. ಸುಮಾರು ಹತ್ತು ನಿಮಿಷಗಳ ಒಂದೊಂದು ಪಾಠದಲ್ಲಿ ತೆರೆಯ ಮೇಲಿನ ಕ್ರಿಯೆಯನ್ನು ತೋರಿಸುತ್ತಾ ಮಾತಿನಲ್ಲಿ ವಿವರಿಸಲಾಗುತ್ತದೆ. ಕಲಿಯುವವನು ಪಾಠವನ್ನು ನಿಲ್ಲಿಸಿ, ತಾನೂ ಪಕ್ಕದಲ್ಲಿ ಅದನ್ನೇ ಮಾಡಿ ನೋಡಿ ಮುಂದುವರಿಯಬೇಕು. ಪಾಠವು ಹೊರಬರುವ ಮುನ್ನ ವಿಷಯವನ್ನು ಅರಿಯದ ಹೊಸಬರಿಂದ ಪರೀಕ್ಷೆಗೊಳಗಾಗುವುದು ಇದರ ವಿಶೇಷ. ಜರ್ಮನಿಯ ರೋಲ್ಫ್ ಸ್ಟೈನಾರ್ಟ್ ಅವರ ಗಿಂಪ್ ಪಾಠಗಳನ್ನು ಆಧರಿಸಿದ ಸರಣಿಯೂ ಈ ಯೋಜನೆಯಲ್ಲಿ ಸೇರಿದೆ. ಪಾಠಗಳ ಧ್ವನಿಯನ್ನು ಭಾರತೀಯ ಭಾಷೆಗಳಿಗೆ ಮರುಮುದ್ರಿಸುವ ಕಾರ್ಯ ನಡೆದಿದ್ದು, ಆ ಭಾಷೆಗಳಲ್ಲಿ ಕನ್ನಡವೂ ಒಂದಾಗಿದೆ. ಜರ್ಮನಿಯ ಬಳಕೆದಾರನೊಬ್ಬನ ಶ್ರಮವು ಪೊವಾಯಿಯ ಮೂಲಕ ಭಾರತದ ವಿದ್ಯಾರ್ಥಿಗಳನ್ನು ತಲುಪುವುದು ಸಮುದಾಯದ ಶಕ್ತಿಗೆ ಸಾಕ್ಷಿ.

ಕನ್ನಡಿಗರ ದೃಷ್ಟಿಯಿಂದ ಅತ್ಯಂತ ಮಹತ್ತ್ವದ ಪ್ರಶ್ನೆ ಅಕ್ಷರಗಳದು. ಮುಂಬಯಿಯಲ್ಲಿ 1926ರಲ್ಲಿ ಸ್ಥಾಪಿತವಾದ ಮಾಟುಂಗದ ಮೈಸೂರು ಅಸೋಸಿಯೇಷನ್ ಮೊದಲ್ಗೊಂಡು ಅನೇಕ ಕನ್ನಡ ಸಂಸ್ಥೆಗಳಿವೆ. ಇಂತಹ ಸಂಸ್ಥೆಗಳಿಗೆ ಆಮಂತ್ರಣ ಪತ್ರಿಕೆ, ಭಿತ್ತಿಪತ್ರ, ಸ್ಮರಣ ಸಂಚಿಕೆಗಳು ಬೇಕೇ ಬೇಕು. ‘ಸ್ತ್ರೀ’ ಎಂಬ ಒಂದೇ ಅಕ್ಷರವನ್ನು ಯೂನಿಕೋಡ್ ಪದ್ಧತಿಯಲ್ಲಿ ಸಕಾರ, ವಿರಾಮ, ತಕಾರ, ವಿರಾಮ, ರಕಾರ, ದೀರ್ಘ ಸ್ವರಚಿಹ್ನೆ ಎಂಬ ಆರು ಸಂಕೇತಗಳಾಗಿ ಶೇಖರಿಸಲಾಗುತ್ತದೆ. ಇವನ್ನು ಕೂಡಿಸಿ ಒತ್ತಕ್ಷರವಾಗಿ ಮೂಡಿಸುವ ಸಾಮರ್ಥ್ಯವಿಲ್ಲದ ತಂತ್ರಾಂಶದಲ್ಲಿ ಕನ್ನಡವು ಚೂರುಚೂರಾಗಿ ಕಾಣುತ್ತದೆ. ಗಿಂಪ್ ಬಳಸುವ ‘ಪ್ಯಾಂಗೋ’ ಮತ್ತು ‘ಹಾರ್ಫ್‌ಬಜ್’ ಎಂಬ ಸ್ವತಂತ್ರ ಘಟಕಗಳು ಈ ಜೋಡಣೆಯನ್ನು ನಿರ್ವಹಿಸುತ್ತವೆ. ಹೀಗೆ ಮೂಡಿದ ಬರಹವನ್ನು ಮುಂದೆ ಹುಡುಕಬಹುದು, ತಿದ್ದಬಹುದು, ಬೇರೆ ಅಕ್ಷರಶೈಲಿಗೆ ಮಾರ್ಪಡಿಸಬಹುದು. ತಮ್ಮದೇ ಸಂಕೇತಕ್ರಮವನ್ನು ಅನುಸರಿಸುತ್ತಿದ್ದ ಹಳೆಯ ಅಕ್ಷರಶೈಲಿಗಳಲ್ಲಿ ಇದು ಸುಲಭವಾಗಿರಲಿಲ್ಲ.

ಅಕ್ಷರಶೈಲಿಗಳ ನಿರ್ಮಾಣದಲ್ಲಿಯೂ ಈ ನಗರದ ಕೊಡುಗೆ ಗಮನಾರ್ಹ. ಪೊವಾಯಿಯ ಕೈಗಾರಿಕಾ ವಿನ್ಯಾಸ ಕೇಂದ್ರದಲ್ಲಿ ಬೋಧಿಸಿದ ಆರ್. ಕೆ. ಜೋಶಿ ಅವರು ಭಾರತೀಯ ಲಿಪಿಗಳ ಗಣಕ ಅಕ್ಷರವಿನ್ಯಾಸಕ್ಕೆ ತಮ್ಮ ಜೀವಿತವನ್ನು ಮುಡಿಪಾಗಿಟ್ಟರು. ಮುಂಬಯಿಯ ‘ಏಕ್ ಟೈಪ್’ ಸಂಸ್ಥೆಯು ರಚಿಸಿದ ‘ಬಾಲೂ ತಮ್ಮ’ ಮತ್ತು ‘ಅನೇಕ್ ಕನ್ನಡ’ ಅಕ್ಷರಶೈಲಿಗಳು ಮುಕ್ತ ಪರವಾನಗಿಯಲ್ಲಿ ಲಭ್ಯವಿವೆ. ಅವನ್ನು ಶುಲ್ಕವಿಲ್ಲದೆ ಮುದ್ರಣಕ್ಕೂ ವ್ಯಾಪಾರಕ್ಕೂ ಬಳಸಬಹುದು. ಗಿಂಪ್‌ನೊಡನೆ ಇವನ್ನು ಸೇರಿಸಿಕೊಂಡರೆ ಸಂಪೂರ್ಣ ಕಾನೂನುಬದ್ಧವಾದ ಕನ್ನಡ ಭಿತ್ತಿಪತ್ರವೊಂದು ಸಿದ್ಧವಾಗುತ್ತದೆ.

ಬಳಕೆಯಲ್ಲಿ ಕೆಲವು ಕ್ರಮಗಳನ್ನು ಪಾಲಿಸುವುದು ಹಿತಕರ. ಹಳೆಯ ಛಾಯಾಚಿತ್ರವನ್ನು ಉಳಿಸಬೇಕಾದರೆ ಮೊದಲು ಹೆಚ್ಚಿನ ಬಿಂದು ಸಾಂದ್ರತೆಯಲ್ಲಿ ಸ್ಕ್ಯಾನ್ ಮಾಡಿ, ಮೂಲ ಪ್ರತಿಯನ್ನು ಮುಟ್ಟದೆ ಪ್ರತ್ಯೇಕವಾಗಿಡಬೇಕು. ಹೊಸ ಪದರದ ಮೇಲೆ ತಿದ್ದುಪಡಿಗಳನ್ನು ಮಾಡಿ, ಕೆಲಸದ ಪ್ರತಿಯನ್ನು ಪದರಗಳು ಉಳಿಯುವಂತೆ ಎಕ್ಸ್‌ಸಿಎಫ್ ನಮೂನೆಯಲ್ಲಿ ಇಡಬೇಕು. ಜೆಪೆಗ್ ನಮೂನೆಯು ಗಾತ್ರವನ್ನು ಕುಗ್ಗಿಸಲು ಕೆಲವು ವಿವರಗಳನ್ನು ಕಳೆಯುತ್ತದೆಯಾದ್ದರಿಂದ ಅದನ್ನು ಕೊನೆಯ ಪ್ರತಿಗೆ ಮಾತ್ರ ಬಳಸುವುದು ಸೂಕ್ತ. ಅರ್ಜಿಯ ಭಾವಚಿತ್ರಕ್ಕೆ ಮೊದಲು ಅಳತೆಯನ್ನು ಕುಗ್ಗಿಸಿ, ನಂತರ ಗುಣಮಟ್ಟದ ಅಂಶವನ್ನು ಇಳಿಸುತ್ತಾ ಹೋದರೆ ಕಡತದ ಗಾತ್ರವು ತೆರೆಯ ಮೇಲೆಯೇ ತಿಳಿದುಬರುತ್ತದೆ.

ತಂತ್ರಾಂಶವನ್ನು ಅದರ ಅಧಿಕೃತ ಮೂಲದಿಂದಲೇ ಪಡೆಯಬೇಕು. 2022ರಲ್ಲಿ ಜಾಹೀರಾತಿನ ಮೂಲಕ ನಕಲಿ ಗಿಂಪ್ ಒಂದನ್ನು ಹರಡಿ, ಗಣಕಯಂತ್ರಗಳಲ್ಲಿನ ಗುಪ್ತಪದಗಳನ್ನು ಕದಿಯಲು ಯತ್ನಿಸಿದ ಘಟನೆ ನಡೆದಿದೆ. ನಾಲ್ಕು ಬಣ್ಣಗಳ ಮುದ್ರಣಕ್ಕೆ ಬೇಕಾದ ವರ್ಣ ವಿಭಜನೆಯಲ್ಲಿ ಗಿಂಪ್‌ನ ಸೌಲಭ್ಯಗಳು ಇನ್ನೂ ಸೀಮಿತವಾಗಿವೆ; ಪುಟವಿನ್ಯಾಸಕ್ಕೆ ‘ಸ್ಕ್ರೈಬಸ್’, ರೇಖಾಚಿತ್ರಕ್ಕೆ ‘ಇಂಕ್‌ಸ್ಕೇಪ್’ ಎಂಬ ಸ್ವತಂತ್ರ ತಂತ್ರಾಂಶಗಳನ್ನು ಇದರ ಜೊತೆಗೆ ಬಳಸುವುದು ಉಚಿತ. ಮುದ್ರಣಾಲಯದವರೊಡನೆ ಮೊದಲೇ ಸಮಾಲೋಚಿಸಿದರೆ ನಷ್ಟ ತಪ್ಪುತ್ತದೆ.

ಸಮುದಾಯದ ನೆರವನ್ನು ಪಡೆಯುವುದಕ್ಕೂ ಒಂದು ರೀತಿಯಿದೆ. ತೊಂದರೆಯನ್ನು ಹೇಳುವಾಗ ತಂತ್ರಾಂಶದ ಆವೃತ್ತಿ, ಗಣಕಯಂತ್ರದ ಕಾರ್ಯಾಚರಣ ವ್ಯವಸ್ಥೆ, ತಾನು ಕ್ರಮವಾಗಿ ಮಾಡಿದ ಕ್ರಿಯೆಗಳು, ತೆರೆಯ ಮೇಲೆ ಬಂದ ಸಂದೇಶ ಇವನ್ನು ಇದ್ದುದಿದ್ದಂತೆ ತಿಳಿಸಬೇಕು. ಉತ್ತರಿಸುವವರು ವೇತನ ಪಡೆಯುವ ನೌಕರರಲ್ಲ. ತಮ್ಮ ಬಿಡುವಿನ ವೇಳೆಯನ್ನು ನೀಡುವ ಸ್ವಯಂಸೇವಕರು. ಪಡೆದ ನೆರವನ್ನು ಇನ್ನೊಬ್ಬ ಹೊಸಬನಿಗೆ ದಾಟಿಸುವುದೇ ಅವರಿಗೆ ಸಲ್ಲಿಸುವ ಶುಲ್ಕ. ಕ್ರಮವಿಧಿ ಬರೆಯಲು ಬಾರದವರೂ ದೋಷಗಳನ್ನು ವರದಿಮಾಡಬಹುದು, ಕನ್ನಡದಲ್ಲಿ ಕೈಪಿಡಿ ಬರೆಯಬಹುದು, ಆದೇಶಪದಗಳನ್ನು ಅನುವಾದಿಸಬಹುದು. ಅನುವಾದದಲ್ಲಿ ಹಠ ಸಲ್ಲದು; ಜನರ ಬಾಯಲ್ಲಿ ‘ಲೇಯರ್’ ನಿಂತಿದ್ದರೆ ಅದನ್ನು ಒಪ್ಪಿಕೊಳ್ಳುವುದೂ, ‘ಕುಂಚ’ ಎಂಬ ಒಳ್ಳೆಯ ಪದವಿರುವಾಗ ಅದನ್ನು ಬಿಡದಿರುವುದೂ ವಿವೇಕ.

ಚಿತ್ರವನ್ನು ತಿದ್ದುವ ಶಕ್ತಿಯೊಡನೆ ಹೊಣೆಯೂ ಬರುತ್ತದೆ. ಹರಿದ ಚಿತ್ರವನ್ನು ಸರಿಪಡಿಸುವುದು ಸೇವೆ. ಅಂಕಪಟ್ಟಿಯನ್ನು ತಿದ್ದುವುದು, ಒಬ್ಬರ ಮುಖವನ್ನು ಇನ್ನೊಂದು ದೇಹಕ್ಕೆ ಅಂಟಿಸಿ ಮಾನಹಾನಿ ಮಾಡುವುದು ಅಪರಾಧ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯು ವಿದ್ಯುನ್ಮಾನ ದಾಖಲೆಗಳ ಕೂಟಸೃಷ್ಟಿಗೂ ಶಿಕ್ಷೆಯನ್ನು ವಿಧಿಸುತ್ತದೆ. ಸಾಧನವು ಸ್ವತಂತ್ರವಾದುದೆಂದ ಮಾತ್ರಕ್ಕೆ ಬಳಸುವವನು ನಿರಂಕುಶನಾಗುವುದಿಲ್ಲ.

ಭಾರತ ಸರ್ಕಾರವು 2015ರಲ್ಲಿ ಮುಕ್ತ ಆಕರ ತಂತ್ರಾಂಶಗಳ ಅಳವಡಿಕೆಯ ನೀತಿಯನ್ನು ಪ್ರಕಟಿಸಿ, ಇ-ಆಡಳಿತದ ವ್ಯವಸ್ಥೆಗಳಲ್ಲಿ ಅವುಗಳಿಗೆ ಆದ್ಯತೆಯ ಪರಿಶೀಲನೆಯನ್ನು ನಿಗದಿಪಡಿಸಿತು. ನೀತಿಯು ಕಚೇರಿಗಳಿಂದ ಹೊರಟು ಜನಜೀವನದಲ್ಲಿ ನೆಲೆಗೊಳ್ಳಬೇಕಾದರೆ ಶಾಲೆಗಳು, ಸಂಘಗಳು, ಸಣ್ಣ ಮಳಿಗೆಗಳು ಈ ಸಾಧನಗಳನ್ನು ತಮ್ಮದಾಗಿಸಿಕೊಳ್ಳಬೇಕು. ಪ್ರತಿಯೊಂದು ಕನ್ನಡ ಸಂಘವೂ ತನ್ನ ಕಪಾಟಿನಲ್ಲಿ ಮಾಸುತ್ತಿರುವ ಛಾಯಾಚಿತ್ರಗಳನ್ನು ಈ ವರ್ಷವೇ ಸ್ಕ್ಯಾನ್ ಮಾಡಿಸಿ, ಇಬ್ಬರು ಯುವಕ ಯುವತಿಯರಿಗೆ ಅವುಗಳ ಸಂಸ್ಕರಣೆಯನ್ನು ಕಲಿಸಿದರೆ, ಮುಂಬಯಿ ಕನ್ನಡಿಗರ ಚರಿತ್ರೆಯ ದೊಡ್ಡ ಭಾಗವೊಂದು ಮುಂದಿನ ಪೀಳಿಗೆಗೆ ಉಳಿಯುತ್ತದೆ. ಅದಕ್ಕೆ ಬೇಕಾದ ತಂತ್ರಾಂಶವು ಸಿದ್ಧವಾಗಿದೆ. ಬೇಕಾಗಿರುವುದು ಕಲಿಯುವ ಮನಸ್ಸು ಮತ್ತು ಕಲಿತುದನ್ನು ಹಂಚುವ ಔದಾರ್ಯ.